ಓದುಗರ ಪ್ರಶ್ನೆಗಳು: ನಲ್ಲಿ ನೀರು, ಮನೆಯ ಫಿಲ್ಟರ್

‘ಯಾವ ಫಿಲ್ಟರ್ ಒಳ್ಳೆಯದು?’ ಎಂದಷ್ಟೇ ಕೇಳಿದ ಪತ್ರಗಳೇ ಈ ಸಲ ಹೆಚ್ಚು. ನೀರಿನಲ್ಲಿ ಏನಿದೆ ಎಂದು ತಿಳಿಯದೆ ಅದಕ್ಕೆ ಉತ್ತರ ಹೇಳುವುದು ರೋಗ ಕೇಳದೆ ಔಷಧ ಬರೆದಂತೆ. ಹಾಗಾಗಿ ತೊಂದರೆ ಏನೆಂದು ಬಿಡಿಸಿ ಬರೆದವರ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಯಂತ್ರದಲ್ಲಿ ನಾಲ್ಕು ಡಬ್ಬಿಗಳಿವೆ. ಆರ್‌ಒ ಎಲ್ಲವನ್ನೂ ತೆಗೆಯುತ್ತದೆ ಎನ್ನುತ್ತಾರೆ. ಹಾಗಿದ್ದರೆ ಉಳಿದ ಮೂರು ಯಾಕೆ?

ಆರ್‌ಒ (ರಿವರ್ಸ್ ಆಸ್ಮೋಸಿಸ್) ಎಂದರೆ ಒತ್ತಡ ಹಾಕಿ ನೀರನ್ನು ತೀರಾ ಸೂಕ್ಷ್ಮ ಪೊರೆಯ ಮೂಲಕ ದಾಟಿಸಿ ಸೋಸುವುದು. ಉಳಿದ ಮೂರರಲ್ಲಿ ಎರಡು ಇರುವುದೇ ಆ ಪೊರೆಯನ್ನು ಕಾಯಲು. ಮೊದಲ ಡಬ್ಬಿಯಲ್ಲಿರುವ ಬಿಳಿ ಉರುಳೆ ಪಾಲಿಪ್ರೊಪಿಲೀನ್ ಎಳೆಗಳಿಂದ ಮಾಡಿದ್ದು. ಸಾಮಾನ್ಯವಾಗಿ 5 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ ಕಣಗಳನ್ನು, ಅಂದರೆ ಮರಳು, ಮಣ್ಣು, ಕೊಳವೆಯ ತುಕ್ಕನ್ನು ಅದು ತಡೆಯುತ್ತದೆ. ಒಳ್ಳೆಯ ಉರುಳೆಯ ಹೊರಮೈ ಸಡಿಲ, ಒಳಗೆ ಹೋದಷ್ಟೂ ಬಿಗಿ. ದಪ್ಪ ಕಣ ಹೊರಗೇ ನಿಲ್ಲುತ್ತದೆ, ಸಣ್ಣದು ಒಳಗೆ ಹೋಗಿ ಸಿಕ್ಕಿಬೀಳುತ್ತದೆ. ಹಳೆಯ ಉರುಳೆಯನ್ನು ಎಸೆಯುವ ಮುನ್ನ ಚಾಕುವಿನಿಂದ ಅಡ್ಡಡ್ಡ ಕತ್ತರಿಸಿ ನೋಡಿ. ಮರದ ಕಾಂಡದಲ್ಲಿ ಕಾಣುವಂಥ ಕಂದು ಬಳೆಗಳಿರುತ್ತವೆ. ಕಂದು ಬಣ್ಣ ಹೊರಗಿನ ಅರ್ಧದಲ್ಲೇ ನಿಂತಿದ್ದರೆ ಸಮಯಕ್ಕೆ ಸರಿಯಾಗಿ ಬದಲಿಸಿದ್ದೀರಿ. ನಡುವಿನ ತೂತಿನವರೆಗೂ ಬಂದಿದ್ದರೆ ಕೆಸರು ಆಗಲೇ ಮುಂದಿನ ಡಬ್ಬಿಗೆ ದಾಟಿದೆ. ‘ಆರು ತಿಂಗಳಿಗೊಮ್ಮೆ’ ಎಂಬ ಲೆಕ್ಕಕ್ಕಿಂತ ಈ ಪರೀಕ್ಷೆ ನಂಬಿಕಸ್ಥ. ಮಳೆಗಾಲದ ಕೆಂಪು ನೀರಿಗೆ ಎರಡೇ ತಿಂಗಳಲ್ಲಿ ತುಂಬಿಹೋಗುವುದೂ ಉಂಟು.

ಎರಡನೆಯದರಲ್ಲಿ ಇರುವುದು ಸಕ್ರಿಯ ಇಂಗಾಲ, ಹೆಚ್ಚಾಗಿ ತೆಂಗಿನ ಕರಟವನ್ನು ಸುಟ್ಟು ಹದ ಮಾಡಿದ ಇದ್ದಿಲು. ಅದರ ಮೈಯೆಲ್ಲ ಸೂಕ್ಷ್ಮ ಗುಹೆಗಳು. ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ 500ರಿಂದ 1500 ಚದರ ಮೀಟರ್ ಆಗುತ್ತದೆ. ವಾಸನೆ, ಬಣ್ಣ, ಕೀಟನಾಶಕದಂಥ ಸಾವಯವ ವಸ್ತುಗಳು ಆ ಮೈಗೆ ಅಂಟಿಕೊಳ್ಳುತ್ತವೆ. ಕ್ಲೋರಿನ್ ಕಥೆ ಬೇರೆ: ಅದು ಇದ್ದಿಲಿನೊಂದಿಗೆ ವರ್ತಿಸಿ ನಿರುಪದ್ರವಿ ಕ್ಲೋರೈಡ್ ಆಗಿಬಿಡುತ್ತದೆ. ಪೊರೆಯನ್ನು ಉಳಿಸುವುದು ಇದೇ ಕೆಲಸ. ಆರ್‌ಒ ಪೊರೆಯ ಮೇಲ್ಪದರ ಪಾಲಿಅಮೈಡ್. ಕ್ಲೋರಿನ್ ತಗುಲಿದರೆ ಅದು ನಿಧಾನವಾಗಿ ಹಾಳಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಮೂರನೆಯದು ಪೊರೆ. ಕರಗಿದ ಉಪ್ಪು, ಫ್ಲೋರೈಡ್, ನೈಟ್ರೇಟ್, ಸೀಸ ಇವನ್ನೆಲ್ಲ ತಡೆಯುವುದು ನಾಲ್ಕರಲ್ಲಿ ಇದೊಂದೇ. ನಾಲ್ಕನೆಯದು ಮಾದರಿಯಿಂದ ಮಾದರಿಗೆ ಬೇರೆ: ರುಚಿಗೆಂದು ಇಟ್ಟ ಇನ್ನೊಂದು ಇದ್ದಿಲು ಅಥವಾ ರೋಗಾಣುವಿಗೆಂದು ಇಟ್ಟ ಯುವಿ (ನೇರಳಾತೀತ ಕಿರಣದ) ದೀಪ. ಹಣ ಉಳಿಸಲು ಮೊದಲ ಎರಡನ್ನು ಬದಲಿಸದೆ ಬಿಟ್ಟವರು ಕೊನೆಗೆ ಎಲ್ಲಕ್ಕಿಂತ ದುಬಾರಿಯಾದ ಪೊರೆಯನ್ನು ಕೊಳ್ಳುತ್ತಾರೆ.

ಪ್ರಶ್ನೆ: ಟಿಡಿಎಸ್ ಮೀಟರ್ ನಮ್ಮ ನಲ್ಲಿ ನೀರಿಗೆ 180 ತೋರಿಸಿತು. ಮಾರಲು ಬಂದವರು ಆರ್‌ಒ ಬೇಕೇ ಬೇಕು ಎಂದರು. ನಿಜವೇ?

180ರ ಸಲುವಾಗಿ ಬೇಕಿಲ್ಲ. ಟಿಡಿಎಸ್ ಎಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣ ಮೊದಲಾದವುಗಳ ಒಟ್ಟು ತೂಕ, ಮಿಲಿಗ್ರಾಂಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೀಟರಿಗೆ 600 ಮಿಲಿಗ್ರಾಂಗಿಂತ ಕಡಿಮೆ ಟಿಡಿಎಸ್ ಇರುವ ನೀರಿನ ರುಚಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. 1000 ದಾಟಿದ ಮೇಲೆ ಕುಡಿಯಲು ಕಷ್ಟವಾಗುತ್ತ ಹೋಗುತ್ತದೆ. ಅದು ರುಚಿಯ ಲೆಕ್ಕ, ಆರೋಗ್ಯದ ಮಿತಿಯಲ್ಲ.

ಆ ಮೀಟರ್ ಏನನ್ನು ಅಳೆಯುತ್ತದೆ ಎಂದು ಮನೆಯಲ್ಲೇ ನೋಡಬಹುದು. ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ ಕರಗಿಸಿ ಮೀಟರ್ ಅದ್ದಿ: ಅಂಕಿ ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ. ಇನ್ನೊಂದು ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ: ಅಂಕಿ ಒಮ್ಮೆಲೇ ಜಿಗಿಯುತ್ತದೆ. ಮೀಟರಿನ ಎರಡು ಕಡ್ಡಿಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನಷ್ಟೇ ಅದು ನೋಡುತ್ತದೆ, ಅದಕ್ಕೊಂದು ಗುಣಕ ಹಚ್ಚಿ ಅಂಕಿ ತೋರಿಸುತ್ತದೆ. ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ, ಕೀಟನಾಶಕ ಕಾಣುವುದಿಲ್ಲ. ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಒಂದರ ಕೆಳಗೆ ಎಣಿಸಲಾರದ ಮೀಟರ್ ಇದನ್ನು ಹಿಡಿಯುವುದು ಹೇಗೆ? ಟಿಡಿಎಸ್ 90 ಇರುವ ನೀರಿನಲ್ಲಿ ಭೇದಿ ತರುವ ರೋಗಾಣು ಇರಬಹುದು. 700 ಇರುವ ನೀರು ಸ್ವಲ್ಪ ಗಡಸಷ್ಟೇ ಆಗಿರಬಹುದು.

ಮೊದಲು ಒಮ್ಮೆ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್ 1.5, ನೈಟ್ರೇಟ್ 50, ಆರ್ಸೆನಿಕ್ 0.01 ಮಿಲಿಗ್ರಾಂ ದಾಟಿದ್ದರೆ ಆರ್‌ಒ ಬಗ್ಗೆ ಯೋಚಿಸಬೇಕು. ಇವೆಲ್ಲ ಮಿತಿಯೊಳಗಿದ್ದು, ನೀರಿಗೆ ಕೊಳಕು ಸೇರಿದ ಸುಳಿವಾದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಮಾತ್ರ ಸಿಕ್ಕಿದ್ದರೆ ಇದ್ದಿಲು ಮತ್ತು ಯುವಿ, ಅಥವಾ ಯುಎಫ್ ಸಾಕು. ಯುಎಫ್ ಎಂದರೆ ಸೇಮಿಗೆಯಂಥ ಟೊಳ್ಳು ಎಳೆಗಳ ಕಟ್ಟು. ಎಳೆಯ ಗೋಡೆಯ ರಂಧ್ರ 0.01ರಿಂದ 0.1 ಮೈಕ್ರಾನ್. ಸುಮಾರು ಅರ್ಧ ಮೈಕ್ರಾನ್ ಅಗಲದ ಇ-ಕೊಲೈ ಬ್ಯಾಕ್ಟೀರಿಯಾ ಅದರಲ್ಲಿ ದಾಟಲಾರದು, ಉಪ್ಪು ದಾಟುತ್ತದೆ. ವೈರಸ್‌ಗಳಲ್ಲಿ ಕೆಲವು ಇನ್ನೂ ಚಿಕ್ಕವು, ಅವುಗಳ ವಿಷಯದಲ್ಲಿ ಯುವಿ ಮೇಲು.

ಪ್ರಶ್ನೆ: ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಚರಂಡಿಗೆ ಹೋಗುತ್ತಿದೆ. ಆ ಪೈಪಿಗೆ ಒಂದು ಕವಾಟ ಹಾಕಿ ಬಿಗಿ ಮಾಡಿದರೆ ಉಳಿತಾಯವಾಗುವುದಿಲ್ಲವೇ?

ನೀರು ಉಳಿಯುತ್ತದೆ, ಪೊರೆ ಉಳಿಯುವುದಿಲ್ಲ. ಲೆಕ್ಕ ನೋಡಿ. ಬರುವ ನೀರಿನ ಟಿಡಿಎಸ್ 500 ಇರಲಿ. ನಾಲ್ಕು ಲೀಟರ್ ಒಳಗೆ ಹೋದರೆ 2000 ಮಿಲಿಗ್ರಾಂ ಲವಣ ಹೋಯಿತು. ಶುದ್ಧವಾದ ಒಂದು ಲೀಟರಿನಲ್ಲಿ ಸುಮಾರು 40 ಮಿಲಿಗ್ರಾಂ ಬರುತ್ತದೆ. ಉಳಿದ 1960 ಮಿಲಿಗ್ರಾಂ ಮೂರು ಲೀಟರಿನಲ್ಲಿ ಹಂಚಿಹೋಗುತ್ತದೆ, ಅಂದರೆ ಲೀಟರಿಗೆ ಸುಮಾರು 650. ಈಗ ಕವಾಟ ಬಿಗಿ ಮಾಡಿ ಮೂರು ಲೀಟರ್ ಶುದ್ಧ ನೀರು, ಒಂದೇ ಲೀಟರ್ ತ್ಯಾಜ್ಯ ಎಂದು ಮಾಡಿದಿರಿ ಎನ್ನೋಣ. ಅಷ್ಟೂ ಲವಣ ಒಂದು ಲೀಟರಿನಲ್ಲಿ ಸೇರಿ 1900ರ ಹತ್ತಿರ ಹೋಗುತ್ತದೆ. ಪೊರೆಯ ಮೈಗೆ ತಾಗಿದ ತೆಳು ಪದರದಲ್ಲಿ ಇನ್ನೂ ಹೆಚ್ಚು. ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ನಿಲ್ಲಲಾರದೆ ಸುಣ್ಣದ ಚಿಪ್ಪಾಗಿ ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಅದೇ. ತ್ಯಾಜ್ಯವೆಂದು ಹರಿದುಹೋಗುವ ನೀರು ನಿಜಕ್ಕೂ ಪೊರೆಯನ್ನು ತೊಳೆಯುತ್ತಿರುವ ನೀರು.

ಹಾಗೆಂದು ಎಲ್ಲ ಯಂತ್ರಗಳ ಹರಿವೂ ಸರಿಯಿರುತ್ತದೆ ಎಂದಲ್ಲ. ತ್ಯಾಜ್ಯದ ಪೈಪಿನಲ್ಲಿ ಬೆರಳುದ್ದದ ಒಂದು ತಡೆ ಇರುತ್ತದೆ, ಅದನ್ನು ಎಫ್‌ಆರ್ ಎನ್ನುತ್ತಾರೆ. ಮೇಲೆ 300 ಅಥವಾ 450 ಎಂದು ಬರೆದಿರುತ್ತದೆ, ನಿಮಿಷಕ್ಕೆ ಅಷ್ಟು ಮಿಲಿಲೀಟರ್ ಎಂದರ್ಥ. 75 ಜಿಪಿಡಿ (ದಿನಕ್ಕೆ 75 ಅಮೆರಿಕನ್ ಗ್ಯಾಲನ್) ಎಂದು ಬರೆದ ಪೊರೆ ದಿನಕ್ಕೆ ಸುಮಾರು 284 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಕೊಡಬೇಕು. ಅದರೊಂದಿಗೆ 450ರ ತಡೆ ಇದ್ದರೆ ತ್ಯಾಜ್ಯ ಎರಡು ಪಟ್ಟಿಗಿಂತ ಚೂರು ಹೆಚ್ಚು. ಅಳತೆ ಪಾತ್ರೆ ಹಿಡಿದು ಎರಡೂ ಪೈಪುಗಳನ್ನು ಒಂದೊಂದು ನಿಮಿಷ ಅಳೆಯಿರಿ. ತ್ಯಾಜ್ಯ ನಾಲ್ಕೈದು ಪಟ್ಟು ಇದ್ದರೆ ತಡೆ ಹಾಳಾಗಿದೆ, ಪೊರೆ ಕಟ್ಟಿಕೊಂಡಿದೆ ಅಥವಾ ಪಂಪಿನ ಒತ್ತಡ ಇಳಿದಿದೆ. ಯಂತ್ರ ನಿಂತ ಮೇಲೂ ತ್ಯಾಜ್ಯ ಹರಿಯುತ್ತಿದ್ದರೆ ಒಳಬರುವ ನೀರನ್ನು ತಡೆಯುವ ಸೊಲೆನಾಯ್ಡ್ ಕವಾಟದಲ್ಲಿ ಕಸ ಸಿಕ್ಕಿಕೊಂಡಿದೆ. ರಾತ್ರಿಯಿಡೀ ನೀರು ಪೋಲಾಗುವುದು ಹೆಚ್ಚಾಗಿ ಇಲ್ಲಿಂದಲೇ.

650 ಟಿಡಿಎಸ್‌ನ ತ್ಯಾಜ್ಯ ನೆಲ ಒರೆಸಲು, ಶೌಚಾಲಯಕ್ಕೆ ಧಾರಾಳವಾಗಿ ಆಗುತ್ತದೆ. ಕುಂಡದ ಗಿಡಕ್ಕೆ ಅದನ್ನೇ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕೂಡುತ್ತದೆ, ನಡುನಡುವೆ ಸಾದಾ ನೀರು ಬೇಕು.

ಪ್ರಶ್ನೆ: ಪೊರೆ ಬದಲಿಸಿ ವಾರವಾಗಿಲ್ಲ. ಮೊದಲು 40 ಇದ್ದ ಟಿಡಿಎಸ್ ಈಗ 190. ಪೊರೆಯೇ ನಕಲಿಯೇ?

ಇರಬಹುದು, ಆದರೆ ಅದು ಕೊನೆಯ ಅನುಮಾನ. ಮೊದಲು ಅಳೆದ ಸಮಯ ನೋಡಿ. ಯಂತ್ರ ರಾತ್ರಿಯಿಡೀ ನಿಂತಾಗ ಪೊರೆಯ ಆಚೆಯ ಲವಣ ನಿಧಾನವಾಗಿ ಈಚೆಗೆ ಜಿನುಗುತ್ತದೆ, ಬೆಳಗಿನ ಮೊದಲ ಲೋಟದ ಅಂಕಿ ಹೆಚ್ಚೇ ಇರುತ್ತದೆ. ಹತ್ತು ನಿಮಿಷ ಓಡಿಸಿದ ಮೇಲೆ ಅಳೆಯಿರಿ. ಎರಡನೆಯದು ಟಿಡಿಎಸ್ ಹೊಂದಿಸುವ ತಿರುಪು. ಅದು ಇನ್ನೇನೂ ಅಲ್ಲ, ಪೊರೆಯನ್ನು ತಪ್ಪಿಸಿ ಬಂದ ನೀರನ್ನು ಶುದ್ಧ ನೀರಿಗೆ ಬೆರೆಸುವ ಕವಾಟ. ರಿಪೇರಿಗೆ ಬಂದವರ ಕೈ ತಾಗಿ ತಿರುಗಿರುವುದು ತೀರಾ ಸಾಮಾನ್ಯ. ಪೊರೆಯ ಡಬ್ಬಿಯಿಂದ ಹೊರಬರುವ ಸಣ್ಣ ಪೈಪನ್ನೇ ಕಳಚಿ, ಆ ನೀರನ್ನು ಅಳೆಯಿರಿ. ಅಲ್ಲಿ 40 ಇದ್ದು ನಲ್ಲಿಯಲ್ಲಿ 190 ಇದ್ದರೆ ತಪ್ಪು ತಿರುಪಿನದು.

ಅಲ್ಲೂ 190 ಇದ್ದರೆ ಡಬ್ಬಿ ಬಿಚ್ಚಬೇಕು. ಒಳಬರುವ ನೀರು ನಿಲ್ಲಿಸಿ, ಪ್ಲಗ್ ಕಿತ್ತು, ನಲ್ಲಿ ತೆರೆದು ಒತ್ತಡ ಇಳಿಸಿ. ಸ್ಪ್ಯಾನರಿನಿಂದ ಮುಚ್ಚಳ ತಿರುಗಿಸಿ ತೆಗೆದು, ಪೊರೆಯ ನಡುಕೊಳವೆಯನ್ನು ಇಕ್ಕಳದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಒಂದು ತುದಿಯಲ್ಲಿ ನಡುಕೊಳವೆಗೆ ಎರಡು ಸಣ್ಣ ಕಪ್ಪು ಓ-ರಿಂಗ್‌ಗಳಿವೆ. ಅವು ಡಬ್ಬಿಯ ತಳದ ಗುಳಿಯಲ್ಲಿ ಬಿಗಿಯಾಗಿ ಕೂತರೆ ಮಾತ್ರ ಶುದ್ಧ ನೀರಿಗೂ ಉಪ್ಪು ನೀರಿಗೂ ನಡುವೆ ಗೋಡೆ. ಒಂದರಲ್ಲಿ ಉಗುರಿನಷ್ಟು ಸೀಳಿದ್ದರೂ ಉಪ್ಪು ನೀರು ನೇರ ಒಳನುಗ್ಗುತ್ತದೆ. ಒಣ ರಬ್ಬರನ್ನು ಒತ್ತಿ ತುರುಕಿದಾಗ ಮಡಚಿಕೊಂಡು ಹರಿಯುವುದೇ ಹೆಚ್ಚು. ಗ್ಲಿಸರಿನ್ ಅಥವಾ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ಪೆಟ್ರೋಲಿಯಂ ಜೆಲ್ಲಿ ಬೇಡ, ಕೆಲವು ಬಗೆಯ ರಬ್ಬರ್ ಅದಕ್ಕೆ ಉಬ್ಬಿ ಕೆಡುತ್ತದೆ. ಕೊನೆಯ ಅರ್ಧ ಇಂಚು ಗಟ್ಟಿಯಾಗಿ ಒತ್ತಬೇಕಾಗುತ್ತದೆ, ಕೂತಾಗ ಕೈಗೆ ಗೊತ್ತಾಗುತ್ತದೆ. ಇನ್ನೊಂದು ತುದಿಯ ದಪ್ಪ ರಬ್ಬರ್ ಅಂಚು ಮುಚ್ಚಳದ ಕಡೆಗಿರಬೇಕು. ಅದು ಮಡಚಿದರೆ ನೀರು ಪೊರೆಯೊಳಗೆ ಹೋಗದೆ ಪಕ್ಕದಿಂದ ಜಾರಿ ಚರಂಡಿ ಸೇರುತ್ತದೆ.

ಎಲ್ಲ ಸರಿಯಿದ್ದೂ ಅಂಕಿ ಇಳಿಯದಿದ್ದರೆ ಒತ್ತಡ ನೋಡಿ. ನೀರು ಪೊರೆ ದಾಟುವ ವೇಗ ಒತ್ತಡವನ್ನು ಅವಲಂಬಿಸಿದೆ. ಲವಣ ಜಿನುಗುವ ವೇಗಕ್ಕೆ ಒತ್ತಡದ ಹಂಗು ಅಷ್ಟಾಗಿ ಇಲ್ಲ. ಪಂಪು ಸೋತರೆ ನೀರು ಕಡಿಮೆ, ಉಪ್ಪು ಅಷ್ಟೇ, ಹಾಗಾಗಿ ಅಂಕಿ ಏರುತ್ತದೆ. ಬರುವ ನೀರಿನ ಟಿಡಿಎಸ್‌ನಿಂದ ಶುದ್ಧ ನೀರಿನದನ್ನು ಕಳೆದು, ಬರುವ ನೀರಿನದರಿಂದಲೇ ಭಾಗಿಸಿ, ನೂರರಿಂದ ಗುಣಿಸಿ. 450 ಬಂದು 36 ಹೊರಟರೆ ಪೊರೆ 92 ಪ್ರತಿಶತ ತಡೆಯುತ್ತಿದೆ. ಸರಿಯಾದ ಒತ್ತಡದಲ್ಲೂ 80ಕ್ಕಿಂತ ಕೆಳಗಿದ್ದರೆ ಆಗ ಅಂಗಡಿಯವರ ಮೇಲೆ ಅನುಮಾನಪಡಿ.

ಪ್ರಶ್ನೆ: ಚಳಿಗಾಲದಲ್ಲಿ ಆರ್‌ಒ ತೊಟ್ಟಿ ತುಂಬಲು ತುಂಬಾ ಹೊತ್ತು ಹಿಡಿಯುತ್ತದೆ. ದೋಷವೇ?

ಅಲ್ಲ. ಪೊರೆಯ ಮೇಲೆ ಬರೆದ ಅಂಕಿ 25 ಡಿಗ್ರಿ ನೀರಿಗೆ. ಒಂದೊಂದು ಡಿಗ್ರಿ ಇಳಿದಾಗಲೂ ಇಳುವರಿ ಸುಮಾರು 3 ಪ್ರತಿಶತ ಕಡಿಮೆಯಾಗುತ್ತದೆ. 15 ಡಿಗ್ರಿ ನೀರಿಗೆ ಮುಕ್ಕಾಲು ಪಾಲು ಬಂದರೆ ಅದು ಸರಿಯಾದ ಯಂತ್ರ. ಬೇಗ ತುಂಬಲೆಂದು ಬಿಸಿನೀರಿನ ಪೈಪಿಗೆ ಜೋಡಿಸಬೇಡಿ, ಮನೆಬಳಕೆಯ ಪೊರೆಗಳು ಸಾಮಾನ್ಯವಾಗಿ 45 ಡಿಗ್ರಿಗಿಂತ ಹೆಚ್ಚು ತಾಳುವುದಿಲ್ಲ.

ಪ್ರಶ್ನೆ: ಯುವಿ ದೀಪ ಇನ್ನೂ ನೀಲಿಯಾಗಿ ಉರಿಯುತ್ತಿದೆ. ಆದರೂ ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ. ವ್ಯಾಪಾರದ ತಂತ್ರವೇ?

ಈ ಒಂದು ಮಾತಿನಲ್ಲಿ ತಂತ್ರವಿಲ್ಲ. ರೋಗಾಣುವಿನ ಡಿಎನ್‌ಎ ಕೆಡಿಸಿ ಅದು ಮರಿಮಾಡದಂತೆ ಮಾಡುವುದು 254 ನ್ಯಾನೊಮೀಟರ್ ಕಿರಣ, ಅದು ಕಣ್ಣಿಗೆ ಕಾಣುವುದೇ ಇಲ್ಲ. ನೀವು ನೋಡುವ ನೀಲಿ ಪಾದರಸದ ಆವಿಯಿಂದಲೇ ಬರುವ ಬೇರೆ ಬೆಳಕು. ನೀಲಿ ಉಳಿದು ಕಾಣದ ಕಿರಣ ಕುಗ್ಗಿರಬಹುದು. ಸಾಮಾನ್ಯ ದೀಪಕ್ಕೆ ಸುಮಾರು 9000 ಗಂಟೆ ಆಯುಷ್ಯ, ಬಿಡದೆ ಉರಿದರೆ ಒಂದು ವರ್ಷ ಮತ್ತು ಹತ್ತು ದಿನ. ನೀರು ಬಂದಾಗ ಮಾತ್ರ ಹೊತ್ತುವ ಮಾದರಿಗಳಲ್ಲಿ ಉರಿಯುವ ಗಂಟೆ ಕಡಿಮೆ. ಆದರೆ ಪದೇಪದೇ ಹೊತ್ತಿ ಆರುವುದೂ ದೀಪವನ್ನು ಸವೆಸುತ್ತದೆ.

ದೀಪಕ್ಕಿಂತ ಹೆಚ್ಚು ಮರೆತುಹೋಗುವುದು ಅದರ ಸುತ್ತಲಿನ ಕ್ವಾರ್ಟ್ಜ್ ಕೊಳವೆ. ಅದರ ಮೇಲೆ ಸುಣ್ಣವೋ ಕಬ್ಬಿಣದ ಕಂದೋ ಕಟ್ಟಿದರೆ ಹೊಸ ದೀಪವೂ ಪರದೆ ಹಾಕಿದ ಕಿಟಕಿಯಂತೆ. ಪ್ಲಗ್ ಕಿತ್ತು, ಕೊಳವೆ ಹೊರತೆಗೆದು, ಸಿಟ್ರಿಕ್ ಆಮ್ಲದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೊಳೆಯಿರಿ. ಬೆರಳಚ್ಚು ಬಿಡಬೇಡಿ, ಒಡೆದರೆ ಮಾಮೂಲು ಗಾಜಿನ ಕೊಳವೆ ಹಾಕಬೇಡಿ: ಮಾಮೂಲು ಗಾಜು ಈ ಕಿರಣವನ್ನು ನುಂಗಿಬಿಡುತ್ತದೆ. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡುವುದೂ ಬೇಡ. ಕದಡಿದ ನೀರಿಗೆ ಯುವಿ ಕೆಲಸ ಮಾಡದು, ಮಣ್ಣಿನ ಕಣದ ನೆರಳಲ್ಲಿ ರೋಗಾಣು ಬಚಾವಾಗುತ್ತದೆ. ಯುವಿ ದಾಟಿದ ನೀರಿನಲ್ಲಿ ಕಾವಲಿಗೆ ಏನೂ ಉಳಿದಿರುವುದಿಲ್ಲ, ಕೊಳಕು ಬಿಂದಿಗೆಗೆ ಬಿದ್ದರೆ ಮತ್ತೆ ಕೊಳಕೇ.

ಪ್ರಶ್ನೆ: ಹತ್ತು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಫಿಲ್ಟರ್ ನೀರು ಮುಗ್ಗಲು ವಾಸನೆ, ನಲ್ಲಿ ನೀರೇ ವಾಸಿ! ಹೀಗೇಕೆ?

ಇದ್ದಿಲು ಕ್ಲೋರಿನ್ ತೆಗೆದುಬಿಟ್ಟಿದೆ, ಅದರ ಮೈಗಂಟಿದ ಸಾವಯವ ವಸ್ತು ಬ್ಯಾಕ್ಟೀರಿಯಾಕ್ಕೆ ಊಟವಾಗಿದೆ, ನೀರು ಅಲ್ಲಾಡದೆ ಬೆಚ್ಚಗೆ ನಿಂತಿದೆ. ಬೆಳೆಯಲು ಇನ್ನೇನು ಬೇಕು? ಎರಡು ಮೂರು ದಿನದ ಬಿಡುವಾದರೆ ಐದಾರು ಲೀಟರ್ ಹರಿಸಿ ಚೆಲ್ಲಿದರೆ ಸಾಕು. ಹತ್ತು ದಿನಕ್ಕೆ ತೊಟ್ಟಿಯನ್ನೂ ತೊಳೆಯಬೇಕು. ತೊಟ್ಟಿ ಬರಿದು ಮಾಡಿ, ಒಳಮೈಯ ಲೋಳೆಯನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ, ಸುವಾಸನೆ ಬೆರೆಸದ 5 ಪ್ರತಿಶತದ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು 10 ಲೀಟರಿಗೆ 10 ಮಿಲಿಲೀಟರ್ ಲೆಕ್ಕದಲ್ಲಿ ಬೆರೆಸಿ ಅರ್ಧ ಗಂಟೆ ಬಿಡಿ. ನಲ್ಲಿಯಿಂದಲೂ ಸ್ವಲ್ಪ ಹರಿಸಿ. ಆಮೇಲೆ ವಾಸನೆ ಹೋಗುವವರೆಗೆ ಶುದ್ಧ ನೀರಿನಿಂದ ತೊಳೆಯಿರಿ. ಈ ದ್ರಾವಣ ತೊಟ್ಟಿಗೆ ಮಾತ್ರ, ಆರ್‌ಒ ಪೊರೆಗೆ ತಾಗಬಾರದು. ಸಿಟ್ರಿಕ್ ಆಮ್ಲದ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಇಷ್ಟಾದರೂ ವಾಸನೆ ಹೋಗದಿದ್ದರೆ ಇದ್ದಿಲಿನ ಉರುಳೆ ಬದಲಿಸಿ, ಅದನ್ನು ತೊಳೆದು ಮರುಬಳಸಲು ಆಗದು.

ಪ್ರಶ್ನೆ: ವಿದ್ಯುತ್ ಬೇಡದ, ಕ್ಯಾಂಡಲ್ ಇರುವ ಹಳೆಯ ಫಿಲ್ಟರ್ ಬಳಸುತ್ತೇವೆ. ಅದರ ನೀರು ನಂಬಬಹುದೇ?

ನೀರಿನ ಉಪ್ಪಿನಂಶ ಸರಿಯಿದ್ದು, ಕ್ಯಾಂಡಲ್ ಒಳ್ಳೆಯದಿದ್ದರೆ ಬ್ಯಾಕ್ಟೀರಿಯಾ ಮಟ್ಟಿಗೆ ನಂಬಬಹುದು. ವೈರಸ್ಸನ್ನು ಅದು ತಡೆಯುತ್ತದೆ ಎನ್ನಲಾಗದು, ಅನುಮಾನವಿದ್ದರೆ ಸೋಸಿದ ನೀರನ್ನು ಕುದಿಸಿ. ಹನಿ ನಿಧಾನವಾದಾಗ ಕ್ಯಾಂಡಲ್ ಬಿಚ್ಚಿ, ಬುಡದ ಮೊಳೆಯ (ಸೋಸಿದ ನೀರು ಇಳಿಯುವ ಟೊಳ್ಳು ಕೊಳವೆಯ) ತೂತಿಗೆ ಕೊಳಕು ನೀರು ಹೋಗದಂತೆ ಹಿಡಿದು, ಹರಿಯುವ ನೀರಿನಡಿ ಬ್ರಷ್‌ನಿಂದ ಉಜ್ಜಿ. ಸೋಪು ಬೇಡ, ರಂಧ್ರದಲ್ಲಿ ಕೂತರೆ ಬಿಡುವುದಿಲ್ಲ. ಬಿರುಕು ಹಿಡಿಯುವ ಉಪಾಯ ಸುಲಭ: ನೆನೆದ ಕ್ಯಾಂಡಲನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಮೊಳೆಗೆ ಸಣ್ಣ ಪೈಪು ಸಿಕ್ಕಿಸಿ ಊದಿ. ಒಂದೇ ಜಾಗದಿಂದ ಗುಳ್ಳೆಗಳ ಸಾಲು ಎದ್ದರೆ ಅಲ್ಲಿ ಕೂದಲೆಳೆಯ ಸೀಳಿದೆ, ಎಸೆಯಿರಿ. ಕ್ಯಾಂಡಲ್ ಗಟ್ಟಿಯಿದ್ದೂ ನೀರು ಕೆಟ್ಟರೆ ಅದರ ಬುಡದ ವಾಷರ್ ನೋಡಿ. ನಟ್ಟು ಸಡಿಲವಾದರೆ ಮೇಲಿನ ನೀರು ಸೋಸದೆಯೇ ಕೆಳಕ್ಕಿಳಿಯುತ್ತದೆ, ಮತ್ತು ಆಗ ಫಿಲ್ಟರ್ ‘ತುಂಬಾ ಬೇಗ ತುಂಬುತ್ತಿದೆ’ ಎಂದು ಮನೆಯವರು ಸಂತೋಷಪಡುತ್ತಾರೆ.

ಪ್ರಶ್ನೆ: ಕುದಿಸಿದರೆ ಸಾಲದೇ, ಫಿಲ್ಟರ್ ಏಕೆ?

ರೋಗಾಣುವಿಗೆ ಸಾಕು. ಉಕ್ಕಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, ಸಮುದ್ರಮಟ್ಟದಿಂದ 2000 ಮೀಟರ್ ದಾಟಿದ ಎತ್ತರದಲ್ಲಿ ಮೂರು ನಿಮಿಷ. ಫ್ಲೋರೈಡ್, ನೈಟ್ರೇಟ್, ಸೀಸ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ.

ಪ್ರಶ್ನೆ: ಹೊಸ ಉರುಳೆ ಹಾಕಿದ ಮೇಲೆ ನೀರು ಕಪ್ಪಗೆ ಬಂತು. ಕುಡಿಯಬಹುದೇ?

ಅದು ಇದ್ದಿಲಿನ ಪುಡಿ, ವಿಷವಲ್ಲ. ಆದರೆ ಅದು ಪೊರೆಗೆ ಹೋಗಬಾರದು. ಹೊಸ ಇದ್ದಿಲು ಹಾಕಿದಾಗ ಅದರ ಮುಂದಿನ ಪೈಪನ್ನು ಕಳಚಿ ಬಕೆಟ್ಟಿಗೆ ಬಿಡಿ. ಹತ್ತು ಲೀಟರ್ ಹರಿದು ನೀರು ತಿಳಿಯಾದ ಮೇಲೆ ಜೋಡಿಸಿ. ಹೊಸ ಪೊರೆಯಾದರೆ ಮೊದಲ ಎರಡು ತೊಟ್ಟಿ ನೀರನ್ನೂ ಚೆಲ್ಲಬೇಕು, ಕೆಡದಂತೆ ಹಾಕಿದ ರಾಸಾಯನಿಕ ಅದರಲ್ಲಿರುತ್ತದೆ.